ಒನ್ನು ಕೂಡಿ

ನಮ್ಮ ಜಿಮ್ಮಿನ ಟ್ರೇನರ್ ಹುಡುಗಿಗೆ ಕನ್ನಡ ಬರುವುದಿಲ್ಲ. ನೀಲೇಶ್ವರದ ಕಡೆಯವಳು, ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ನನಗೆ ಮಲಯಾಳ ಬರುತ್ತದೆ, ಕಾಸರಗೋಡಿನಲ್ಲಿ ಬದುಕಲು ಎಷ್ಟು ಬೇಕೋ ಅಷ್ಟು. ಬಸ್ಸಿಗೆ, ರೇಷನ್ ಅಂಗಡಿಗೆ, ವಿಲೇಜ್ ಆಫೀಸಿಗೆ ಸಾಕಾಗುವಷ್ಟು. ಮೊದಲ ವಾರ ಬೆಂಚಿನಿಂದ ಎದ್ದು ಕೂತು, ಎದ್ದು ಕೂತು ಹತ್ತು ಮುಗಿಸಿ, ಉಸ್ಸಪ್ಪಾ ಎಂದು ಗೋಡೆಗೆ ಒರಗಬೇಕು ಎನ್ನುವಾಗ ಅವಳು ಒಂದು ಬೆರಳೆತ್ತಿ ಹೇಳಿದಳು: "ಚೇಚೀ, ಒನ್ನು ಕೂಡಿ."

ಅಕ್ಕಾ, ಇನ್ನೊಂದು ಸಲ ಎಂದರ್ಥ. ಅರ್ಥವೇನೋ ಆಯಿತು. ಆದರೆ ನಾನು ಹದಿನೇಳು ವರ್ಷದಿಂದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಬೋರ್ಡಿನ ಎಡಕ್ಕೆ 'ಕೂಡಿರಿ', ಬಲಕ್ಕೆ 'ಕಳೆಯಿರಿ' ಎಂದು ಬರೆದು ಬರೆದು ಕೈಗೆ ರೂಢಿಯಾಗಿದೆ. ಹಾಗಾಗಿ ಅವಳ ಮಾತು ನನ್ನ ಕಿವಿಗೆ ಲೆಕ್ಕವಾಗಿಯೇ ಬಿತ್ತು. ಒಂದನ್ನು ಕೂಡಿ. ಕೂಡಿದೆ, ಹನ್ನೊಂದಾಯಿತು. ನಗು ಬಂದು ಹನ್ನೆರಡನೆಯದು ಆಗಲಿಲ್ಲ.

ನಗು ಯಾಕೆ ಬಂತು ಎಂದರೆ, ಆ ಜಿಮ್ಮಿನಲ್ಲಿ ಅದುವರೆಗೆ ನನಗೆ ಯಾರೂ ಕೂಡಲು ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು ಕಳೆಯಲು.

ಕಳೆದ ವರ್ಷ ಮಾರ್ಚಿನಲ್ಲಿ ಪರೀಕ್ಷೆಯ ಪೇಪರಿನ ಕಟ್ಟು ಎತ್ತಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಎಕ್ಸ್‌ರೇ ನೋಡಿ ಎಲುಬಿಗೆ ಏನೂ ಆಗಿಲ್ಲ ಎಂದರು. ಜೊತೆಗೆ, ನಲವತ್ತು ದಾಟಿತಲ್ಲ, ಇನ್ನು ವಾಕಿಂಗ್ ಒಂದೇ ಸಾಲದು, ಭಾರ ಎತ್ತಬೇಕು ಎಂದರು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿಯುತ್ತದೆ, ಆಮೇಲಿನ ಕೆಲವು ವರ್ಷ ಎಲುಬು ಬೇಗ ಬೇಗ ಸವೆಯುತ್ತದೆ. ಅಷ್ಟರೊಳಗೆ ಎಲುಬಿಗೂ ಮಾಂಸಖಂಡಕ್ಕೂ ಕೆಲಸ ಕೊಟ್ಟು ಗಟ್ಟಿ ಮಾಡಿಕೊಳ್ಳಬೇಕು. ಮನೆಗೆ ಬಂದು ಹುಡುಕಿದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ. ದೊಡ್ಡವರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಸಾಧಾರಣ ವೇಗದಲ್ಲಿ ಮೈ ಆಡಿಸಬೇಕು, ಅದರ ಜೊತೆಗೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ವ್ಯಾಯಾಮ ಮಾಡಬೇಕು. ಆ ಎರಡನೇ ಭಾಗ ನಮ್ಮ ಕಡೆಯ ಹೆಂಗಸರ ಕಿವಿಗೆ ಮುಟ್ಟಿಯೇ ಇಲ್ಲ. ನಮಗೆ ಮುಟ್ಟಿದ್ದು ವಾಕಿಂಗ್, ಹೆಚ್ಚೆಂದರೆ ಜೂಂಬಾ.

ಜಿಮ್ ಇರುವುದು ಪೇಟೆಯ ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಚಿತ್ರ. ಗಂಡಸರ ಚಿತ್ರದಲ್ಲಿ ಗಂಡಸು ಏನಾದರೊಂದು ಮಾಡುತ್ತಿದ್ದಾನೆ: ರಾಡು ಎತ್ತುತ್ತಾನೆ, ಹಗ್ಗ ಜಗ್ಗುತ್ತಾನೆ, ಮುಖ ಕಿವಿಚಿ ಬೆವರುತ್ತಾನೆ. ಹೆಂಗಸರ ಚಿತ್ರಗಳು ಎರಡೇ. ಒಬ್ಬಳು ಸೊಂಟಕ್ಕೆ ಅಳತೆ ಪಟ್ಟಿ ಸುತ್ತಿಕೊಂಡು ನಗುತ್ತಾಳೆ. ಇನ್ನೊಬ್ಬಳು ಸೌತೆಕಾಯಿ ಹೋಳು ಹಿಡಿದು ನಗುತ್ತಾಳೆ. ಆ ಸೌತೆಕಾಯಿಯಲ್ಲಿ ನಗುವಂಥದ್ದೇನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಸೇರುವಾಗ ಒಂದು ಫಾರ್ಮ್ ಕೊಟ್ಟರು. ಹೆಸರು, ಪ್ರಾಯ, ಎತ್ತರ, ತೂಕ. ಕೆಳಗೆ, 'ಎಷ್ಟು ಕಿಲೋ ಕಡಿಮೆ ಮಾಡಬೇಕು?' ಎಂದು ಚುಕ್ಕಿ ಸಾಲು. ಕಡಿಮೆ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ನಾನು ಸೊಂಟ ನೋವು ಎಂದು ಬರೆದೆ. ಮೇಜಿನ ಹಿಂದಿದ್ದ ಹುಡುಗ ಅದನ್ನು ಓದಿ, "ಅದು ಸರಿ ಟೀಚರ್, ಎಷ್ಟು ಕಿಲೋ?" ಎಂದು ಕೇಳಿದ.

ತೂಕದ ಮಾತು ಸುಳ್ಳು ಎನ್ನುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಅಳೆದಾಗ ಕೇರಳದ ನೂರು ಹೆಂಗಸರಲ್ಲಿ 38 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮ ಬೈಲಿನಲ್ಲಿ ಯಾವುದು ಎಂದು ನಾನೂ ಯೋಚಿಸಿ ಹೇಳಬೇಕು. ನನ್ನ ತಕರಾರು ಬೇರೆ. ಹೆಂಗಸು ವ್ಯಾಯಾಮಕ್ಕೆ ಬರುವುದೆಂದರೆ ಕಳೆಯುವುದಕ್ಕೆ ಮಾತ್ರ ಎಂದು ಮೊದಲೇ ಬರೆದಿಟ್ಟವರು ಯಾರು? ಮೊಬೈಲಿಗೆ ಬರುವ ಜಾಹೀರಾತುಗಳೂ ಹಾಗೆಯೇ. ಮದುವೆಗೆ ಮುಂಚೆ ಇಷ್ಟು ಕಳೆಯಿರಿ, ಬಾಣಂತನದ ಹೊಟ್ಟೆ ಕಳೆಯಿರಿ, ಕೈಯ ಜೋಲು ಕಳೆಯಿರಿ. ಕಳೆದು ಕಳೆದು ಕೊನೆಗೆ ಉಳಿಯುವುದೆಷ್ಟು? ಮೂರನೇ ಕ್ಲಾಸಿನ ಮಕ್ಕಳೂ ಕೇಳುವ ಪ್ರಶ್ನೆ ಇದು.

'ಲೇಡೀಸ್ ಟೈಮ್' ಹನ್ನೊಂದರಿಂದ ನಾಲ್ಕು. ಕೆಲಸಕ್ಕೆ ಹೋಗದ, ಅಡಿಗೆ ಮಾಡದ, ಮಧ್ಯಾಹ್ನ ಉಣ್ಣದ ಯಾವುದೋ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವೇಳೆ. ನಾನು ಸೇರಿದ್ದು ಏಪ್ರಿಲ್ ರಜೆಯಲ್ಲಿ, ಹಾಗಾಗಿ ತೊಂದರೆಯಾಗಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದಾಗ ಗೊತ್ತಾಯಿತು. ಸೊಸೈಟಿಯಲ್ಲಿ ಕೆಲಸ ಮಾಡುವ ಇಬ್ಬರು, ಒಬ್ಬ ನರ್ಸ್, ಟೈಲರ್ ಅಂಗಡಿಯವಳು, ನಾನು, ಎಲ್ಲ ಸೇರಿ ಏಳು ಜನ ಸಹಿ ಹಾಕಿ ಒಂದು ಚೀಟಿ ಕೊಟ್ಟೆವು. ಸಂಜೆ ನಾಲ್ಕೂವರೆಯಿಂದ ಆರು ನಮಗೆ ಬೇಕು. ಅದು ಗಂಡಸರು ಬರುವ ಹೊತ್ತು ಎಂದರು. ಫೀಸು ಅವರಷ್ಟೇ ಕೊಡುತ್ತೇವಲ್ಲ ಎಂದೆವು. ಮಳೆಗಾಲ ಮುಗಿಯುವ ಹೊತ್ತಿಗೆ ವಾರದಲ್ಲಿ ಮೂರು ದಿನ ಸಿಕ್ಕಿತು. ಇದೇನು ದೊಡ್ಡ ಹೋರಾಟವಲ್ಲ. ಆದರೂ ಬರೆದಿಡುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಆ ವರ್ಷ ನಡೆದ ಸಬಲೀಕರಣ ಇದೊಂದೇ.

ಈ ಸಬಲೀಕರಣ ಎಂಬ ಶಬ್ದ ನೋಡಿ. ಕೇರಳ ಸರಕಾರದ ಹೆಂಗಸರ ಸ್ವಸಹಾಯ ಯೋಜನೆ ಕುಟುಂಬಶ್ರೀ 1998ರಲ್ಲಿ ಶುರುವಾದಂದಿನಿಂದ ನಮ್ಮ ಊರಿನಲ್ಲಿ ಇದರ ಬ್ಯಾನರ್ ಕಟ್ಟದ ಮರವಿಲ್ಲ. ಬ್ಯಾನರಿನಲ್ಲಿ ಮಲಯಾಳದವರು 'ಸ್ತ್ರೀ ಶಾಕ್ತೀಕರಣಂ' ಎನ್ನುತ್ತಾರೆ, ಕೆಳಗೆ ಸಣ್ಣಕ್ಷರದಲ್ಲಿ ನಮ್ಮ 'ಮಹಿಳಾ ಸಬಲೀಕರಣ'. ಒಂದರಲ್ಲಿ ಶಕ್ತಿ ಇದೆ, ಇನ್ನೊಂದರಲ್ಲಿ ಬಲ ಇದೆ. ಆದರೆ ವೇದಿಕೆಯ ಮೇಲೆ ನಿಂತು ಅದನ್ನು ಹೇಳುವವರ ಮನಸ್ಸಿನಲ್ಲಿ ಸಾಲ ಇರುತ್ತದೆ, ಉಪ್ಪಿನಕಾಯಿ ಘಟಕ ಇರುತ್ತದೆ, ಪಂಚಾಯತ್ ಸೀಟು ಇರುತ್ತದೆ. ಇವೆಲ್ಲ ಬೇಕು, ಬೇಡವೆಂದಲ್ಲ. ತೋಳಿನ ಬಲ, ತೊಡೆಯ ಬಲ, ಬೆನ್ನಿನ ಬಲ ಮಾತ್ರ ಯಾರ ಮನಸ್ಸಿಗೂ ಬರುವುದಿಲ್ಲ. ಅಬಲೆ ಎಂಬ ಹೆಸರಿಟ್ಟದ್ದು ಮೈ ನೋಡಿಯೇ ಅಲ್ಲವೇ? ಸಬಲೆ ಮಾಡುವಾಗ ಮೈಯನ್ನೇ ಬಿಟ್ಟುಬಿಡುವುದು ಯಾವ ಲೆಕ್ಕ!

ನಮ್ಮ ಜಿಮ್ಮಿನ ರಾಡು 20 ಕಿಲೋ. ಗಂಡಸರ ಸ್ಪರ್ಧೆಯ ರಾಡು ಅಷ್ಟೇ ತೂಕದ್ದು. ಹೆಂಗಸರ ಸ್ಪರ್ಧೆಗೆ 15 ಕಿಲೋದ ಬೇರೆ ರಾಡು ಉಂಟು, ಉದ್ದದಲ್ಲಿ ಸ್ವಲ್ಪ ಗಿಡ್ಡ. ಗಂಡಸರದ್ದು 28 ಮಿಲಿಮೀಟರ್ ದಪ್ಪವಾದರೆ ಇದು 25, ಸಣ್ಣ ಅಂಗೈಗೆ ಹಿಡಿತ ಸಿಗಲಿ ಎಂದು. ಇದು ನನಗೆ ಗೊತ್ತಾದದ್ದು ಟ್ರೇನರ್ ಹುಡುಗಿ ಹೇಳಿದ ಮೇಲೆ. ಅಷ್ಟು ದಿನ ರಾಡು ಕೈಯಿಂದ ಜಾರಿದಾಗೆಲ್ಲ ತಪ್ಪು ನನ್ನ ಕೈಯದ್ದೇ ಎಂದುಕೊಂಡಿದ್ದೆ.

ಹೆಂಗಸರಿಗೂ ಭಾರ ಎತ್ತುವ ಸ್ಪರ್ಧೆ ಒಲಿಂಪಿಕ್ಸಿಗೆ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಗಂಡಸರಿಗೆ 1896ರ ಮೊದಲ ಒಲಿಂಪಿಕ್ಸಿನಲ್ಲೇ ಇತ್ತು. ಆಂಧ್ರದ ಶ್ರೀಕಾಕುಳಂ ಕಡೆಯ ಕರ್ಣಂ ಮಲ್ಲೇಶ್ವರಿ ಆ ಮೊದಲ ಸಲವೇ 69 ಕಿಲೋ ವಿಭಾಗದಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ತಂದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಹೆಂಗಸು. ನಾನಾಗ ಪ್ಲಸ್ ಟು ಪ್ರಾಯದವಳು. ಪೇಪರಿನಲ್ಲಿ ಫೋಟೋ ನೋಡಿದ ನೆನಪಿದೆ. ರಾಡನ್ನು ತಲೆಯ ಮೇಲೆ ಹಿಡಿದು ನಿಂತಿದ್ದರು. ಮನೆಯಲ್ಲಿ ಯಾರೋ, "ಅಯ್ಯೋ, ಪಾಪದ ಹುಡುಗಿ" ಎಂದರು. ಮೆಡಲ್ ಗೆದ್ದವಳಿಗೆ ಪಾಪ ಯಾಕೆ ಎಂದು ಆಗ ಹೊಳೆಯಲಿಲ್ಲ. ಗಂಡಸಿನ ಹಾಗಾದಳಲ್ಲ ಎಂಬ ಕನಿಕರ ಅದು. ಅದೇ ಕನಿಕರ ಈಗ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ. "ಟೀಚರೇ, ಜಾಸ್ತಿ ಎತ್ಬೇಡಿ, ತೋಳು ಗಂಡಸರದ್ದರ ಹಾಗೆ ಆಗ್ತದೆ." ಗಂಡಸರಲ್ಲಿರುವ ಟೆಸ್ಟೋಸ್ಟಿರಾನ್ ನಮ್ಮ ಮೈಯಲ್ಲಿ ಬಹಳ ಕಡಿಮೆ. ಹಾಗೆಲ್ಲ ತೋಳು ಉಬ್ಬುವುದಿದ್ದರೆ ನನ್ನ ಅಜ್ಜಿಗೆ ಉಬ್ಬಬೇಕಿತ್ತು.

ಅಜ್ಜಿಯ ಮಾತು ಬಂತಲ್ಲ, ಸುರಂಗದ ಕಥೆ ಹೇಳಿಬಿಡುತ್ತೇನೆ.

ನಮ್ಮ ಕಡೆಯ ಗುಡ್ಡೆಗಳಲ್ಲಿ ಬಾವಿ ತೋಡಿದರೆ ನೀರು ಸಿಗುವುದು ಕಷ್ಟ. ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ, ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತದೆ, ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಇಳಿಯುತ್ತದೆ. ಬಾಯಾರು, ಪಡ್ರೆ ಕಡೆಯಲ್ಲೆಲ್ಲ ಹೀಗೆ. ನಮ್ಮ ಮನೆಯ ಸುರಂಗವನ್ನು 'ಅಜ್ಜ ತೋಡಿದ ಸುರಂಗ' ಎನ್ನುತ್ತೇವೆ. ಅಜ್ಜ ಚಿಮಿಣಿ ದೀಪ ಇಟ್ಟುಕೊಂಡು ಒಳಗೆ ಕುಕ್ಕರಗಾಲಲ್ಲಿ ಕೂತು ಕೊರೆದದ್ದು ನಿಜ. ಆದರೆ ಕೊರೆದ ಮಣ್ಣು ಒಳಗೇ ಉಳಿಯಲಿಲ್ಲವಲ್ಲ! ಅದನ್ನು ಹೆಡಿಗೆಯಲ್ಲಿ ತುಂಬಿ, ತಲೆಗೆ ಸಿಂಬೆ ಇಟ್ಟು, ಕತ್ತಲಿನಿಂದ ಬೆಳಕಿಗೆ ಹೊತ್ತು ಹಾಕಿದವಳು ಅಜ್ಜಿ. ಸುರಂಗ ಉದ್ದವಾದಷ್ಟೂ ಅಜ್ಜ ಕೂತಲ್ಲೇ ಇರುತ್ತಿದ್ದರು, ಅಜ್ಜಿಯ ನಡಿಗೆ ಉದ್ದವಾಗುತ್ತಿತ್ತು. ಆ ಮಣ್ಣು ಬಿದ್ದ ಜಾಗದಲ್ಲೇ ಈಗ ನಮ್ಮ ಅಡಿಕೆ ಒಣಗಿಸುವ ಅಂಗಳ ಇರುವುದು. ಅದಕ್ಕೆ ಯಾರ ಹೆಸರೂ ಇಲ್ಲ.

ಇದನ್ನು ಹೇಳಿದ ಕೂಡಲೇ ಒಂದು ಮಾತು ಬರುತ್ತದೆ, ನನಗೆ ಗೊತ್ತು. "ನೋಡಿ, ಆಗಿನವರಿಗೆ ಜಿಮ್ ಬೇಕಿತ್ತಾ? ಬೀಸುವ ಕಲ್ಲು, ಒನಕೆ, ಬಾವಿ ಕಟ್ಟೆಯೇ ಜಿಮ್." ವಾಟ್ಸಾಪಿನಲ್ಲಿ ವಾರಕ್ಕೊಮ್ಮೆಯಾದರೂ ಇದು ಬರುತ್ತದೆ, ಕಳುಹಿಸುವವರು ಹೆಚ್ಚಾಗಿ ಬೀಸುವ ಕಲ್ಲು ಮುಟ್ಟಿರದ ಮಾವಂದಿರು. ನನಗೆ ಇದನ್ನು ಕಂಡರೆ ಸಿಟ್ಟು. ಅಮ್ಮನನ್ನು ನೋಡಿದ್ದೇನೆ. ಗುಡ್ಡೆಯಿಂದ ಸೊಪ್ಪಿನ ಹೊರೆ, ತೋಟದಿಂದ ಹಸಿ ಅಡಿಕೆಯ ಹೆಡಿಗೆ, ಹಟ್ಟಿಯಿಂದ ಗೊಬ್ಬರ. ಅಮ್ಮನಿಗೀಗ 68. ಎರಡು ಮೊಣಗಂಟೂ ಹೋಗಿವೆ. ಪಾಯಿಖಾನೆಯ ಗೋಡೆಗೆ ಹಿಡಿದುಕೊಳ್ಳಲು ಕೊಳವೆ ಹಾಕಿಸಿದ್ದೇವೆ. ಅಷ್ಟು ಹೊತ್ತವಳ ಕಾಲು ಗಟ್ಟಿಯಾಗಬೇಕಿತ್ತಲ್ಲ, ಯಾಕಾಗಲಿಲ್ಲ?

ಉತ್ತರ ಜಿಮ್ಮಿನಲ್ಲಿ ಸಿಕ್ಕಿತು. ಅಲ್ಲಿ ಮೂರು ಸೆಟ್ಟಿನ ನಡುವೆ ಎರಡು ಎರಡು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಇವತ್ತು ಕಾಲಿಗೆ ಕೆಲಸ ಕೊಟ್ಟರೆ ನಾಳೆ ಕೊಡುವುದಿಲ್ಲ. ಎತ್ತುವಾಗ ಮೈಗೆ ಆಗುವುದು ಆಯಾಸವೇ, ಬಲ ಬರುವುದು ಆಮೇಲೆ ಉಂಡು ಮಲಗಿದಾಗ. ಭಾರ ಹೆಚ್ಚಿಸುವುದು ಮೈ ಒಪ್ಪಿದ ಮೇಲೆ, ಅದೂ ಒಂದು ಕಿಲೋ, ಎರಡು ಕಿಲೋ. ಅಮ್ಮನ ಹೊರೆಯ ಭಾರವನ್ನು ಗೊತ್ತುಮಾಡಿದ್ದು ಅಮ್ಮನ ಮೈ ಅಲ್ಲ, ಹಟ್ಟಿಯ ದನ. ಅವಳು ಉಂಡದ್ದು ಎಲ್ಲರೂ ಉಂಡ ಮೇಲೆ, ಮೊಟ್ಟೆಯೋ ಮೀನೋ ಉಳಿದಿದ್ದರೆ. ಮಲಗಿದ್ದು ಹನ್ನೊಂದಕ್ಕೆ, ಎದ್ದದ್ದು ನಾಲ್ಕೂವರೆಗೆ. ದುಡಿಮೆಗೂ ವ್ಯಾಯಾಮಕ್ಕೂ ನಡುವೆ ಇರುವುದು ವಿಶ್ರಾಂತಿ. ಅದೊಂದನ್ನು ತೆಗೆದುಬಿಟ್ಟರೆ ಎತ್ತಿದ ಭಾರವೆಲ್ಲ ಮೊಣಗಂಟಿಗೆ ಹೋಗಿ ಕೂರುತ್ತದೆ.

ಕೇಂದ್ರ ಸರಕಾರ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಇದು ಆ ಕೆಲಸ ಮಾಡುವವರ ಸರಾಸರಿ. ಕೈಯೇ ಹಾಕದ ಗಂಡಸರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ನಾನು ಜಿಮ್ಮಿಗೆ ಹೋಗುವ ಮೂರು ಸಂಜೆ ಇವರು ಚಪಾತಿ ಲಟ್ಟಿಸುತ್ತಾರೆ. ಚಪಾತಿ ಭೂಪಟದ ಹಾಗಿರುತ್ತದೆ. ಮಗ ಒಂದರಲ್ಲಿ ಕೇರಳವನ್ನೇ ಗುರುತಿಸಿ, ಮೇಲಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು, "ಕಾಸರಗೋಡು ಹೋಯ್ತು" ಎಂದ.

ಆ ತುದಿ 24 ಮೇ 1984ರಂದು ಬೇರೆ ಜಿಲ್ಲೆಯಾಯಿತು. ಅದೇ ಆಗಸ್ಟ್ 8ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿ, ಒಂದು ಸೆಕೆಂಡಿನ ನೂರರ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡರು. ನಾನು ಹುಟ್ಟಿದ್ದು ಅವೆರಡರ ನಡುವೆ, ಆಟಿಯ ಜಡಿಮಳೆಯಲ್ಲಿ. ಅವರು ಓಡಿದ 55.42 ಸೆಕೆಂಡು ಎಂಬುದು ನಮ್ಮ ಶಾಲೆಯ ಡ್ರಿಲ್ ಮಾಸ್ತರಿಗೆ ಮಂತ್ರದ ಹಾಗೆ ಬಾಯಿಪಾಠ ಇತ್ತು. ಅವರು ಹೇಳದೇ ಬಿಟ್ಟದ್ದೊಂದಿದೆ. ಆ ಓಟ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ತೆರೆದದ್ದೇ ಆ ವರ್ಷ. ಮ್ಯಾರಥಾನ್ ತೆರೆದದ್ದೂ ಆ ವರ್ಷವೇ. ಅಂದರೆ ಬಾಗಿಲು ತೆರೆದ ದಿನವೇ ಪಯ್ಯೋಳಿಯ ಹುಡುಗಿ ಉಷಾ ನಾಲ್ಕನೆಯವಳಾಗಿ ಒಳಗಿದ್ದಳು. ಸಿಡ್ನಿಯಲ್ಲಿ ಮಲ್ಲೇಶ್ವರಿಯದ್ದೂ ಹೀಗೆಯೇ. ಹೆಂಗಸರಿಗೆ ಆಗುವುದಿಲ್ಲ ಎಂದು ನೂರು ವರ್ಷ ಹೇಳಿ, ತೆರೆದ ಮೊದಲ ಸಲವೇ ಅವರು ಒಳಗೆ ನಿಂತಿದ್ದರೆ, ಅಷ್ಟು ವರ್ಷ ಆಗದೇ ಇದ್ದದ್ದು ಯಾರಿಗೆ?

ಮಂಗಳೂರಿನಿಂದ ಕಲ್ಲಿಕೋಟೆಗೆ ಹೋಗುವ ರೈಲಿನಲ್ಲಿ ಮಾಹೆ ದಾಟಿದ ಮೇಲೆ ವಡಗರ, ಆಮೇಲೆ ಪಯ್ಯೋಳಿ. ವಡಗರದಲ್ಲಿ ಮೀನಾಕ್ಷಿ ಅಮ್ಮ ಇದ್ದಾರೆ. ಏಳನೇ ವಯಸ್ಸಿಗೆ ಕಳರಿಪಯಟ್ಟು ಎಂಬ ಕೇರಳದ ಕಾದಾಟದ ಕಲೆಗೆ ಇಳಿದವರು, 2017ರಲ್ಲಿ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಮೇಲೂ ಸೀರೆ ಬಿಗಿದು ಕತ್ತಿ ಹಿಡಿದು ಅರ್ಧ ಪ್ರಾಯದ ಗಂಡಸರೆದುರು ನಿಲ್ಲುವ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಅದೇ ವಡಗರ ಕಡೆಯ ಮಜೀಸಿಯಾ ಭಾನು ಹಲ್ಲಿನ ಡಾಕ್ಟರಿಕೆ ಓದುತ್ತಾ, ಹಿಜಾಬ್ ಕಟ್ಟಿಕೊಂಡೇ ಪವರ್‌ಲಿಫ್ಟಿಂಗಿನಲ್ಲಿ ದೇಶದ ಹೊರಗೆ ಹೋಗಿ ಬಂದವರು. ನಮ್ಮ ಮೆಟ್ಟಿಲ ಗೋಡೆಗೆ ಚಿತ್ರ ಬೇಕಿದ್ದರೆ ಸೌತೆಕಾಯಿಯವಳನ್ನು ಎಲ್ಲಿಂದಲೋ ತರಿಸಬೇಕಿರಲಿಲ್ಲ. ರೈಲಿನಲ್ಲಿ ಎರಡು ಮೂರು ಗಂಟೆಯ ದಾರಿ.

ಬಟ್ಟೆಯ ವಿಷಯವನ್ನು ಎಲ್ಲರೂ ದೊಡ್ಡದು ಮಾಡುತ್ತಾರೆ. ನಮ್ಮ ಬ್ಯಾಚಿನಲ್ಲಿ ಚೂಡಿದಾರ ಉಂಟು, ಟ್ರ್ಯಾಕ್ ಪ್ಯಾಂಟ್ ಉಂಟು, ಪರ್ದಾದ ಒಳಗೆ ಟೀ ಶರ್ಟ್ ಉಂಟು. ನಾನು ಶಾಲು ಬಿಟ್ಟದ್ದು ಯಾವ ವಿಚಾರವಾದದಿಂದಲೂ ಅಲ್ಲ, ಒಮ್ಮೆ ಅದು ಕೇಬಲ್ ಮೆಷಿನಿಗೆ ಸಿಕ್ಕಿ ಕುತ್ತಿಗೆಗೆ ಬಂದದ್ದರಿಂದ.

ಮಲಬಾರಿನಲ್ಲಿ ಮೆಕ್ ಸೆವೆನ್ ಎಂಬ ಬೆಳಗಿನ ವ್ಯಾಯಾಮ ಕೂಟಗಳು ಹಬ್ಬಿವೆ. ಇಪ್ಪತ್ತೊಂದು ನಿಮಿಷ, ಫೀಸಿಲ್ಲ, ಹೆಂಗಸರೂ ಗುಂಪು ಗುಂಪಾಗಿ ಹೋಗುತ್ತಾರೆ. 2025ರ ಸುರುವಿನಲ್ಲಿ ಅದರ ಮೇಲೆ ದೊಡ್ಡ ಚರ್ಚೆ ಎದ್ದಿತು, ಹೆಂಗಸರು ಗಂಡಸರು ಒಂದೇ ಕಡೆ ವ್ಯಾಯಾಮ ಮಾಡಬಹುದೇ ಎಂದು. ಸ್ಟಾಫ್ ರೂಮಿನಲ್ಲಿ ಪೇಪರ್ ಓದಿ ನಕ್ಕವರಿದ್ದರು. ನನಗೆ ನಗಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರಿಗೆ ವ್ಯಾಯಾಮ ಬೇಡ ಎಂದು ಯಾರೂ ಯಾವತ್ತೂ ಹೇಳಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ದಿನ ತುಂಬಿಸಿ ಇಟ್ಟಿದ್ದರು.

ಈಗ ಚಿತ್ರ ಬದಲಾಗುತ್ತಿದೆ, ಒಪ್ಪುತ್ತೇನೆ. ಇನ್‌ಸ್ಟಾಗ್ರಾಂ ತೆರೆದರೆ ರಾಡು ಎತ್ತುವ ಹುಡುಗಿಯರು ಸಾಲು ಸಾಲು. ಟೋಕಿಯೋದಲ್ಲಿ ಮೀರಾಬಾಯಿ ಚಾನು 202 ಕಿಲೋ ಎತ್ತಿ ಬೆಳ್ಳಿ ಗೆದ್ದ ಮೇಲೆ "ಪಾಪದ ಹುಡುಗಿ" ಎನ್ನುವವರೂ ಕಡಿಮೆಯಾದರು. ಅವರು ಸ್ಪರ್ಧಿಸಿದ್ದು 49 ಕಿಲೋ ವಿಭಾಗದಲ್ಲಿ ಎಂಬುದು ಇನ್ನೂ ಸೋಜಿಗ. ಆದರೆ ರೀಲ್ಸಿನ ಹುಡುಗಿಯ ಹೊಟ್ಟೆ ಚಪ್ಪಟೆಯೇ ಇರುತ್ತದೆ, ಕೂದಲು ಕೆದರುವುದಿಲ್ಲ, ಕೊನೆಯಲ್ಲಿ ಪ್ರೋಟೀನ್ ಡಬ್ಬಿ ಬರುತ್ತದೆ. ಮೊದಲು ಸಪೂರ ಆಗು ಎನ್ನುತ್ತಿದ್ದರು, ಈಗ ಸಪೂರವೂ ಆಗು, ಬಲವೂ ತಂದುಕೋ ಎನ್ನುತ್ತಾರೆ. ನನ್ನದೂ ಹೇಳಬೇಕು. 50 ಕಿಲೋ ನೆಲದಿಂದ ಎತ್ತಿದ ದಿನ ಫೋಟೋ ತೆಗೆಸಿ ಸ್ಟೇಟಸ್ ಹಾಕಿದೆ. ಹಾಕುವ ಮೊದಲು ಅತ್ತೆ ಮನೆಯ ಹನ್ನೊಂದು ನಂಬರುಗಳನ್ನು ಅದರಿಂದ ತೆಗೆದೆ. ಫೋಟೋದಲ್ಲಿ ಹೊಟ್ಟೆ ಕಾಣುವ ಭಾಗವನ್ನೂ ಕತ್ತರಿಸಿದೆ. ಕಳೆಯುವ ಲೆಕ್ಕ ಅಷ್ಟು ಸುಲಭದಲ್ಲಿ ಕೈ ಬಿಡುವುದಿಲ್ಲ.

ಒಂದು ವರ್ಷದ ಮೇಲೆ ನನ್ನ ತೂಕ ಇಳಿದದ್ದು ಎರಡು ಕಿಲೋ. ಮೇಜಿನ ಹುಡುಗ ನನ್ನ ಹೆಸರನ್ನು ಜಿಮ್ಮಿನಲ್ಲಿ ತೂಕ ಇಳಿಸಿದವರ ಬೋರ್ಡಿಗೆ ಏರಿಸಲಿಲ್ಲ. ಸೊಂಟ ಹಿಡಿಯದೆ ವರ್ಷ ಕಳೆಯಿತು, ಅದಕ್ಕೆ ಬೋರ್ಡಿನಲ್ಲಿ ಕಾಲಂ ಇಲ್ಲ.

ಮೊನ್ನೆ ಅಮ್ಮನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಬರುವಾಗ ಜಿಮ್ ನೋಡಬೇಕು ಎಂದಳು. ಮೆಟ್ಟಿಲು ಹತ್ತಲು ಹೊತ್ತು ಹಿಡಿಯಿತು. ಸೌತೆಕಾಯಿಯವಳ ಎದುರು ನಿಂತು ಉಸಿರು ತೆಗೆದುಕೊಂಡಳು. ಒಳಗೆ ಟ್ರೇನರ್ ಹುಡುಗಿ ಓಡಿ ಬಂದು, "ಅಮ್ಮೇ, ಇರಿಕ್ಕೂ" ಎಂದು ಬೆಂಚು ಒರೆಸಿ ಕೂರಿಸಿದಳು. ಅಮ್ಮ ಸುತ್ತ ನೋಡಿದಳು. ಪಕ್ಕದಲ್ಲಿದ್ದ ಐದು ಕಿಲೋದ ಪ್ಲೇಟನ್ನು ಎರಡು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟು ಅಂದಾಜು ಮಾಡಿದಳು.

"ಒಂದು ಕೊಡಪಾನ ನೀರಿನಷ್ಟೂ ಇಲ್ಲ ಇದು."

"ಇಂಥದ್ದು ಸುಮಾರು ಹಾಕ್ತೇನೆ ಅಮ್ಮ, ಎರಡೂ ಬದಿಗೆ."

"ಎತ್ತಿ ಎಲ್ಲಿಗೆ ಕೊಂಡುಹೋಗ್ಲಿಕ್ಕೆ?"

"ಎಲ್ಲಿಗೂ ಇಲ್ಲ. ಎತ್ತುವುದು, ಪುನಃ ಅಲ್ಲೇ ಇಡುವುದು."

ಅಮ್ಮ ನನ್ನ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದೇನೋ ಎಂದು. ಅಲ್ಲ ಎಂದು ತಿಳಿದಾಗ ನಗಲು ಶುರು ಮಾಡಿದಳು. ಎಷ್ಟು ನಕ್ಕಳೆಂದರೆ ಟ್ರೆಡ್‌ಮಿಲ್ಲಿನಲ್ಲಿ ನಡೆಯುತ್ತಿದ್ದ ನರ್ಸ್ ಅದನ್ನು ನಿಲ್ಲಿಸಿ ಇತ್ತ ತಿರುಗಿದಳು. ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು, ಪ್ಲೇಟನ್ನು ತೊಡೆಯ ಮೇಲಿಂದ ಇಳಿಸದೆಯೇ ಅಮ್ಮ ಹೇಳಿದಳು:

"ಎಲ್ಲಿಗೂ ಹೊತ್ತುಕೊಂಡು ಹೋಗ್ಲಿಕ್ಕಿಲ್ಲ ಅಂತ ಗೊತ್ತಿದ್ರೆ ನಾನೂ ಬರ್ತಿದ್ದೆನಲ್ಲ ಮಾರಾಯ್ತಿ."